ಬಹುಮಾನದ ಕುಂಟೆತ್ತು

ಬೈಲಹೊಂಗಲದ ಬಜಾರಿನಲ್ಲಿ ಆ ಕಾಲಕ್ಕೂ ಅರಿವೆ ಅಂಗಡಿಗಳಿಗೇನೂ ಬರವಿರಲಿಲ್ಲ. ಆದರೆ ಗಲ್ಲಾದ ಮೇಲೆ ಲಕ್ಷ್ಮಿಯ ಪಟ, ಅದರ ಮಗ್ಗುಲಿಗೇ ಡ್ರಾಯಿಂಗ್ ಲೋಅರ್ ಗ್ರೇಡ್ ಪರೀಕ್ಷೆ ಪಾಸಾದ ಸರ್ಟಿಫಿಕೇಟಿನ ಪಟ, ಎರಡಕ್ಕೂ ದಿನಾ ಒಂದೇ ಊದಿನಕಡ್ಡಿ, ಇಂಥ ಅಂಗಡಿ ವಿರೂಪಾಕ್ಷಪ್ಪನದೊಂದೇ ಇತ್ತು. ಈ ಸಮಾನ ಗೌರವ ಲಕ್ಷ್ಮಿಯ ಮನಸ್ಸಿಗೆ ಬಂದಿತೋ ಇಲ್ಲವೋ, ಆಕೆ ಅಂಗಡಿಯ ಕಡೆಗೆ ಹೆಚ್ಚಾಗಿ ಸುಳಿಯಲಿಲ್ಲ. ಜಂಪರ ಪೀಸು ಕೇಳಿ ಬಂದ ಹೆಂಗಸರಿಗೆ ವಿರೂಪಾಕ್ಷಪ್ಪ, “ಈ ಹಸರಿಗೆ ಆ ಕೆಂಪ ವಿರೋಧಿ ಬಣ್ಣ ಆಗತೈತ್ರೀ ಅಕ್ಕಾರ, ಕಣ್ಣಿಗೆ ಬಡಿತೈತಿ” ಎಂದು ಪಾಠ ಶುರುಮಾಡುತ್ತಿದ್ದ. ಅವರು ಅರ್ಧ ಪಾಠ ಕೇಳಿ, ಅದೇ ಹಸಿರು, ಅದೇ ಕೆಂಪನ್ನು ಎದುರಿನ ಅಂಗಡಿಯಲ್ಲಿ ಕೊಂಡು ಹೋಗುತ್ತಿದ್ದರು.

ಊರು ಏನೆಂದುಕೊಂಡರೂ ಆತನಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ರಾಮದುರ್ಗದ ಮಾವನ ಬಗ್ಗೆ. ಮದುವೆಯ ಹೊಸತರಲ್ಲಿ ವಿರೂಪಾಕ್ಷಪ್ಪ ತಾನೇ ಬಿಡಿಸಿದ ಒಂದು ನವಿಲಿನ ಚಿತ್ರಕ್ಕೆ ಕಟ್ಟು ಹಾಕಿಸಿ ಅವರಿಗೆ ಒಯ್ದು ಕೊಟ್ಟಿದ್ದ. ಸಾಲೆಯಲ್ಲಿದ್ದಾಗ ನವಿಲುತೀರ್ಥದ ಆಣೆಕಟ್ಟಿಗೆ ಟ್ರಿಪ್ ಹೋಗಿ ಬಂದು ಬಿಡಿಸಿದ ಚಿತ್ರ ಅದು. ಅಲ್ಲಿ ಆತ ನೋಡಿದ್ದು ನೀರು, ಗೇಟು ಮತ್ತು ಒಬ್ಬ ವಾಚ್‌ಮನ್ ಮಾತ್ರ, ನವಿಲು ಊಹೆಯದು. ಶೇಂಗಾ ವ್ಯಾಪಾರದ ಮಡಿವಾಳೆಪ್ಪನವರು ಮಾತನ್ನೂ ತೂಗಿಯೇ ಕೊಡುವವರು. ಚಿತ್ರವನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಕೊನೆಗೆ ಹೆಂಡತಿಯ ಕಡೆ ತಿರುಗಿ, “ಲಿಂಗ ಕಟ್ಟಿದ ಮನ್ಯಾಗ ಕೋಳಿ ಹ್ಯಾಂಗ ತೂಗಹಾಕೂದು?” ಎಂದಿದ್ದರು. ಆಮೇಲೆ ಅಳಿಯ ಕೊಟ್ಟದ್ದು, ಬಿಡಲಿಕ್ಕೂ ಬರುವುದಿಲ್ಲ ಎಂದು ಪಡಸಾಲೆಯ ನಡುಗೋಡೆಗೇ ಹಾಕಿಸಿದರು. ಬಂದವರಿಗೆಲ್ಲ, “ಕೋಳಿ ನಮ್ಮ ಅಳಿಯಾರದು” ಎಂದು ಪರಿಚಯ ಮಾಡಿಕೊಡುತ್ತಿದ್ದರು. “ನವಿಲ್ರಿ” ಎಂದು ವಿರೂಪಾಕ್ಷಪ್ಪ ಪ್ರತಿ ಸಲ ತಿದ್ದುತ್ತಿದ್ದ. ಹನ್ನೆರಡು ವರ್ಷ ತಿದ್ದಿದರೂ ಅದು ಕೋಳಿಯಾಗಿಯೇ ಉಳಿಯಿತು. ತನ್ನ ಕೈಯಲ್ಲಿ ಕಲೆಯಿದೆ ಎಂದು ಆ ಮನುಷ್ಯನ ಬಾಯಿಂದ ಒಮ್ಮೆ ಹೇಳಿಸಬೇಕು, ಅಷ್ಟಾದರೆ ಸಾಕು ಎನ್ನುವುದು ಆತನ ಜೀವಮಾನದ ಹರಕೆಯಾಗಿಬಿಟ್ಟಿತ್ತು.

ಇಂಥದ್ದರಲ್ಲಿ, ತೊಂಬತ್ತೇಳನೇ ಇಸವಿಯಲ್ಲಿ, ಊರಿಗೆ ಒಂದು ಚಿತ್ರ ಗ್ಯಾಲರಿ ಬಂತು. ಕಿತ್ತೂರಿನ ಕಡೆ ಡ್ರಾಯಿಂಗ್ ಮಾಸ್ತರಾಗಿ ರಿಟೈರಾದ ಕಾಡಪ್ಪ ಮಾಸ್ತರು ತಮ್ಮ ಅಣ್ಣನ ಹಳೆಯ ಹತ್ತಿ ಗೋಡೌನಿಗೆ ಸುಣ್ಣ ಬಳಿಸಿ, ಗೋಡೆಗೆ ಚಿತ್ರ ತೂಗಿಸಿ, ಬಾಗಿಲಿಗೆ ಬೋರ್ಡು ಬರೆಸಿದರು: “ಪ್ರತಿ ರವಿವಾರ ಆರು ವರ್ಷದೊಳಗಿನ ಮಕ್ಕಳಿಗೆ ಕುಟುಂಬ ಸಮೇತ ಕಲಾ ಶಿಬಿರ. ಸಂಪೂರ್ಣ ಉಚಿತ.” ಆ ದಿನಗಳಲ್ಲಿ ಕುಟುಂಬ, ಶಿಬಿರ, ಉಚಿತ ಈ ಮೂರೂ ಒಂದೇ ಬೋರ್ಡಿನ ಮೇಲೆ ಬಂದರೆ ಜನರಿಗೆ ನೆನಪಾಗುತ್ತಿದ್ದದ್ದು ಕುಟುಂಬ ಯೋಜನೆಯವರ ಕೆಂಪು ತ್ರಿಕೋನದ ವ್ಯಾನು. ಮೊದಲ ರವಿವಾರ ಒಂದು ನರಪಿಳ್ಳೆಯೂ ಬರಲಿಲ್ಲ. ವಿರೂಪಾಕ್ಷಪ್ಪನ ನೆರೆಮನೆಯ ಸತ್ಯವ್ವನಂತೂ ಸೊಸೆಯ ಕೈಹಿಡಿದು ರಸ್ತೆಯ ಆಚೆ ದಂಡೆಗೆ ದಾಟಿ ನಡೆದಳು. ಮಾಸ್ತರು ಬುದ್ಧಿವಂತರು. ಮರುವಾರ ಬೋರ್ಡಿನ ಕೆಳಗೆ, “ಇಲ್ಲಿ ಆಪರೇಶನ್ ಮಾಡುವುದಿಲ್ಲ” ಎಂದು ಇನ್ನೊಂದು ಸಾಲು ಸೇರಿಸಿದರು. ಅಂದಿನಿಂದ ಕಾಲಿಡಲು ಜಾಗವಿಲ್ಲದಂತಾಯಿತು.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಮಾಸ್ತರು ಹಿಂದಿನ ರವಿವಾರ ಎತ್ತು ಮಾಡಿಸಿ, ಮಕ್ಕಳ ಎತ್ತಿಗೆ ಬಹುಮಾನ ಕೊಡುವುದೆಂದು ಗೊತ್ತುಮಾಡಿದರು. ಹದವಾಗಿ ನೆನೆಸಿದ ಎರೆಮಣ್ಣಿನ ಗುಡ್ಡೆ ನಡುವೆ, ಸುತ್ತಲೂ ಚಾಪೆಯ ಮೇಲೆ ಕುಟುಂಬಗಳು. ವಿರೂಪಾಕ್ಷಪ್ಪ ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ನಾಲ್ಕೂವರೆ ವರ್ಷದ ಅನ್ನಪೂರ್ಣಾಳನ್ನು ಕರೆದುಕೊಂಡು ಬಂದು ಕುಳಿತಿದ್ದ.

“ಮಣ್ಣ ಮಕ್ಕಳ ಕೈಯಾಗ ಕೊಡ್ರಿ. ನೀವು ಬಾಜೂಕ ಕುಂದರ್ರಿ. ನಡುವ ಕೈ ಹಾಕಬ್ಯಾಡ್ರಿ” ಎಂದು ಕೈಮುಗಿದು ಹೇಳಿ, ಮಾಸ್ತರು ಎಲ್ಲರಿಗೂ ಚಹಾ ಹೇಳಲು ಹೊರಗೆ ಹೋದರು.

ಅವರು ಹೊಸ್ತಿಲು ದಾಟಿದ್ದೇ ತಡ, ಹೆತ್ತವರೆಲ್ಲ ಮಣ್ಣಿನ ಮೇಲೆ ಬಿದ್ದರು. “ಏ, ಸುಮ್ಮ ಕುಂದರೋ, ನಿನಗ ತಿಳಿಯೂದಿಲ್ಲ” ಎಂದು ಸತ್ಯವ್ವ ಮೊಮ್ಮಗನ ಕೈಯಿಂದ ಮುದ್ದೆ ಕಸಿದುಕೊಂಡಳು. ಬ್ಯಾಂಕಿನ ಸಾಹೇಬರು ಪ್ಯಾಂಟು ಮೊಣಕಾಲಿಗೇರಿಸಿದರು. ಅರ್ಧ ತಾಸಿನೊಳಗೆ ಗ್ಯಾಲರಿಯ ತುಂಬ ದೊಡ್ಡವರು ಮಣ್ಣಾಡುತ್ತ, ಮಕ್ಕಳು ಕೈಕಟ್ಟಿ ಅವರನ್ನು ಕಾಯುತ್ತ ಕುಳಿತಿದ್ದರು.

ವಿರೂಪಾಕ್ಷಪ್ಪ ಸರ್ಟಿಫಿಕೇಟು ಇದ್ದವನು. ಬರೀ ಎತ್ತು ಮಾಡಿದರೆ ಹೇಗೆ? “ನೋಡವ್ವಾ, ಎತ್ತಿನ ಮೈಯಾಗ ಚಲನಿ ಇರಬೇಕು” ಎಂದು ಮಗಳಿಗೆ ಹೇಳಿ ಎತ್ತಿನ ಕತ್ತು ತುಸು ಹೊರಳಿಸಿದ. ಕತ್ತು ಕೈಗೆ ಬಂತು. ಮತ್ತೆ ಹಚ್ಚುವಾಗ ಅದು ಹಿಂದುಮುಂದಾಗಿ, ಎತ್ತು ತನ್ನ ಬಾಲವನ್ನು ತಾನೇ ಅನುಮಾನದಿಂದ ನೋಡತೊಡಗಿತು. ಒಂದು ಕಾಲು ಗಿಡ್ಡಾಯಿತೆಂದು ಇನ್ನೊಂದನ್ನು ಕತ್ತರಿಸಿದ. ಅದು ಹೆಚ್ಚು ಗಿಡ್ಡಾಯಿತೆಂದು ಮೂರನೆಯದನ್ನು ಕತ್ತರಿಸಿದ. ಹೊಟ್ಟೆ ನೆಲಕ್ಕೆ ತಾಗಿದಾಗಲೇ ಆತ ನಿಲ್ಲಿಸಿದ್ದು. ಅನ್ನಪೂರ್ಣಾ ಇಷ್ಟೊತ್ತಿಗೆ ಅಪ್ಪ ಕತ್ತರಿಸಿ ಒಗೆದ ಕಾಲುಗಳನ್ನೆಲ್ಲ ಕೂಡಿಸಿಕೊಂಡಿದ್ದಳು. ಅಜ್ಜಿ ಗುರವ್ವ ವರ್ಷವರ್ಷ ತೋರಿಸಿಕೊಟ್ಟಂತೆ ಅಂಗೈಯಲ್ಲಿ ಉರುಳಿಸಿ, ಚಿವುಟಿ ನಾಲ್ಕು ಕಾಲು ಎಳೆದು, ಬೆನ್ನ ಮೇಲೆ ಡುಬ್ಬದ ಇಣಿ ಎಬ್ಬಿಸಿ, ಫ್ರಾಕಿನ ಕಿಸೆಯಲ್ಲಿದ್ದ ಎರಡು ಕುಸುಬಿ ಕಾಳನ್ನು ಕಣ್ಣಿಗೆ ಒತ್ತಿದಳು. ಅದು ತನ್ನ ಪಾಡಿಗೆ ತಾನು ಎದ್ದು ನಿಂತಿತು.

ಎತ್ತಂದ ಮೇಲೆ ಜೋಡಿ ಇರಬೇಕಲ್ಲ. ಅಪ್ಪನದು ಮಗಳದು ಎರಡನ್ನೂ ಒಂದೇ ಕಟ್ಟಿಗೆಯ ಗೂಡಿನಲ್ಲಿಟ್ಟು, ಮಾಸ್ತರ ಹತ್ತಿರ ಹೆಸರು ಬರೆಸಿ ಮನೆಗೆ ಹೋದರು. ಯಾವುದು ಯಾರದೆಂದು ಮಾಸ್ತರು ಕೇಳಲಿಲ್ಲ. ಇಷ್ಟು ವರ್ಷ ಮಕ್ಕಳ ಚಿತ್ರ ತಿದ್ದಿದ ಕಣ್ಣು, ಕೇಳುವ ಅಗತ್ಯವೇನು?

ಮರುದಿನ ಸಂಜೆ ಮಗಳೊಡನೆ ಗ್ಯಾಲರಿಗೆ ಹೋದ ವಿರೂಪಾಕ್ಷಪ್ಪ ಗೂಡಿನ ಮುಂದೆ ಕಂಬವಾಗಿ ನಿಂತ. ಕುಸುಬಿ ಕಣ್ಣಿನ ಚೆಂದದ ಎತ್ತಿನ ಕೆಳಗೆ, “ವಿರೂಪಾಕ್ಷಪ್ಪ, ತಂದೆ” ಎಂದು ಚೀಟಿಯಿತ್ತು. ಬಾಲ ನೋಡುವ ಎತ್ತಿನ ಕೆಳಗೆ, “ಕು. ಅನ್ನಪೂರ್ಣಾ, ನಾಲ್ಕೂವರೆ ವರ್ಷ. ಮೊದಲ ಬಹುಮಾನ.”

ಕಾಡಪ್ಪ ಮಾಸ್ತರು ಹಿಂದಿನಿಂದ ಬಂದು ಆತನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿದ್ದವು.

“ಏನ ಮಗಳ್ರೀ ನಿಮ್ಮಾಕಿ! ಹಿಂದ ಹೊಳ್ಳಿ ನೋಡೂ ಎತ್ತ! ದೊಡ್ಡಾವರಿಗೆ ಇದು ಹೊಳಿತೈತೇನ್ರೀ? ಏನೂ ತಿಳೀದ ಕೈ ಬೇಕ್ರೀ ಇದಕ್ಕ, ಏನೂ ಅಂದ್ರ ಏನೂ ತಿಳಿದಿರಬಾರದು!”

“ಹೌದೇನ್ರಿ?” ಎಂದ ವಿರೂಪಾಕ್ಷಪ್ಪ, ಸಣ್ಣ ದನಿಯಲ್ಲಿ.

“ನಿಮ್ಮದೂ ಛಲೋ ಐತ್ರಿ, ಇಲ್ಲನ್ನೂದಿಲ್ಲ. ಕಲ್ತ ಕೈ. ಒಂದ ತಪ್ಪ ತಗಿಯಾಕ ಬರೂದಿಲ್ಲ.”

ಸತ್ಯ ಹೇಳಬೇಕೆಂದು ವಿರೂಪಾಕ್ಷಪ್ಪ ಬಾಯಿ ತೆರೆದದ್ದು ಖರೆ. ಅಷ್ಟರಲ್ಲಿ ಆತನ ಕಣ್ಣು ಚೆಂದದ ಎತ್ತಿನ ಕೆಳಗಿನ ತನ್ನ ಹೆಸರಿನ ಮೇಲೆ ಬಿತ್ತು. ಆ ಹೆಸರಿನ ಮುಂದೆ ರಾಮದುರ್ಗದ ಮಾವ ಕನ್ನಡಕ ಹಾಕಿಕೊಂಡು ನಿಂತಂತೆ ಕಂಡಿತು. ಬಾಯಿ ತಾನಾಗಿ ಮುಚ್ಚಿತು.

ಅನ್ನಪೂರ್ಣಾಗೆ ಓದಲು ಬರುತ್ತಿರಲಿಲ್ಲ. ಆದರೂ ಮಾತು ಎಲ್ಲಿಗೆ ಹೊರಟಿದೆ ಎಂದು ಗೊತ್ತಾಗಿ, ಕುಸುಬಿ ಕಣ್ಣಿನ ಎತ್ತಿಗೆ ಬೆರಳು ಮಾಡಿ, “ಅದು ನಂದ್ರೀ” ಎಂದಳು.

“ನೋಡ್ರಿ, ನೋಡ್ರಿ! ಅಪ್ಪನ ಎತ್ತ ಕೂಸಿಗೆ ತನ್ನದ ಅನಸತೈತಿ. ಏನ ಪ್ರೀತಿ!” ಎಂದು ಮಾಸ್ತರು ಆಕೆಯ ತಲೆ ಸವರಿ ಕಣ್ಣೊರೆಸಿಕೊಂಡರು.

ಮನೆಗೆ ಹೋಗುವಾಗ ಆಕೆ ಬಾವಿಯ ಕಟ್ಟೆಯ ಹತ್ತಿರ ನಿಂತು ಕೇಳಿದಳು. “ಅಪ್ಪಾ, ಹಂಗಾರ ಆ ಕುಂಟೆತ್ತ ನಂದೇನು?”

“ಹೂಂ. ನಿಂದ.”

“ಖರೇನ ನಂದ?”

“ಖರೇನ ನಿಂದ ಅಂದ್ನಲ್ಲ. ಚೀಟಿ ಬರದಾರಲ್ಲ” ಎಂದು ವಿರೂಪಾಕ್ಷಪ್ಪ ಪೆಪ್ಪರಮಿಂಟು ಕೊಡಿಸಿದ. ಆಕೆ ಅದನ್ನು ಬಾಯಿಗೆ ಹಾಕಿಕೊಂಡಳು, ಆದರೆ ಎಂದಿನಂತೆ ಕುಣಿಯಲಿಲ್ಲ. ಆತನಿಗೆ ಒಳಗೆ ಚುರುಕ್ ಎಂದಿತು. ಚುರುಕ್ ಎಂದದ್ದು ಎಸ್.ಟಿ.ಡಿ. ಬೂತು ಕಾಣುವತನಕ ಇತ್ತು, ಆಮೇಲೆ ಇರಲಿಲ್ಲ.

“ಮಾವಾರ, ನಾನು ಒಂದ ಎತ್ತ ಮಾಡೇನ್ರಿ!”

“ಅಮಾಸಿಗೆ ಎಲ್ಲಾರೂ ಮಾಡ್ತಾರ” ಎಂದಿತು ರಾಮದುರ್ಗದಿಂದ ಮಡಿವಾಳೆಪ್ಪನವರ ದನಿ.

“ಇದನ್ನ ಗ್ಯಾಲರ್ಯಾಗ ಇಟ್ಟಾರ್ರಿ. ನನ್ನ ಹೆಸರ ಬರದಾರ್ರಿ. ನಿಮ್ಮ ಮೊಮ್ಮಗಳಿಗೆ ಮೊದಲ ಬಹುಮಾನ ಬಂದೈತ್ರಿ. ಅಮಾಸಿ ಮರುದಿನ ಸವದತ್ತಿಯಿಂದ ಶಿಕ್ಷಣ ಇಲಾಖೆ ಸಾಹೇಬ್ರು ಬಂದು ಕೊಡ್ತಾರ್ರಿ.”

ಬೂತಿನ ಮೀಟರು ಓಡುತ್ತಿತ್ತು.

“ನೀವು ಮಾಡಿದ್ದು ಎತ್ತ ಅಂತ ಮಂದಿಗೆ ತಿಳಿತೈತೇನು?”

“ತಿಳಿತೈತ್ರಿ ಮಾವಾರ!”

“ಬರತೇವಿ.”

ಆ ವಾರವೆಲ್ಲ ಊರಿಗೆ ಬೇರೆ ಮಾತಿರಲಿಲ್ಲ. ಸತ್ಯವ್ವ ಹೊಟ್ಟೆಕಿಚ್ಚಿಗೆ ಮೊಮ್ಮಗನಿಗೆ ಎರಡು ಬಿಟ್ಟು, “ನೀನೂ ಹಿಂದಮುಂದ ತಲಿ ಹಚ್ಚಿದ್ರ ಏನ ರೋಗ ಬರತಿತ್ತು?” ಎಂದು ಕೇಳಿದಳು, ಎತ್ತು ಮಾಡಿದವಳು ತಾನೆಂಬುದು ಆಕೆಗೆ ಮರೆತುಹೋಗಿತ್ತು. ಬ್ಯಾಂಕಿನ ಸಾಹೇಬರು ಈ ಎತ್ತನ್ನು ದಿಲ್ಲಿಗೆ ಕಳಿಸಬೇಕೆಂದರು. ಸಂತೆಗೆ ಬಂದ ದೇಗಾಂವದ ರೈತರಿಬ್ಬರು ಮಾತ್ರ ಬಹುಮಾನದ ಎತ್ತನ್ನು ಕುಕ್ಕರಗಾಲಿನಲ್ಲಿ ಕುಳಿತು ನೋಡಿ, “ಇದಕ್ಕ ಯಾವ ಬ್ಯಾನಿ ಬಡದೈತ್ರಿ? ದನದ ದವಾಖಾನಿಗೆ ಒಯ್ದ ತೋರಸ್ರಿ” ಎಂದರು. ಕುಸುಬಿ ಕಣ್ಣಿನದನ್ನು ನೋಡಿ, “ಈ ಹೋರಿ ಬಂಗಾರದಂಥಾದ್ದು” ಎಂದರು. ಇದು ದನದ ಪ್ಯಾಟಿ ಅಲ್ಲ ಎಂದು ಮಾಸ್ತರು ಅವರನ್ನು ಹೊರಗೆ ಕಳಿಸಿದರು. ತಾನು ಜೀವ ಒತ್ತೆಯಿಟ್ಟು ಮಾಡಿದ್ದನ್ನು ಊರೆಲ್ಲ, “ಏನೂ ತಿಳೀದ ಕೂಸು ಮಾಡಿದ್ದು” ಎಂದು ಹೊಗಳುವುದನ್ನು ಕೇಳುತ್ತ ವಿರೂಪಾಕ್ಷಪ್ಪ ನಗಬೇಕೋ ಅಳಬೇಕೋ ತಿಳಿಯದೆ ತಿರುಗಾಡಿದ.

ಅಮಾವಾಸ್ಯೆಯ ದಿನ ಮಡಿವಾಳೆಪ್ಪನವರು ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಸಂಸಾರ ಸಮೇತ ಇಳಿದರು. ವಿರೂಪಾಕ್ಷಪ್ಪನ ಹೆಂಡತಿ ಶೈಲಜಾ ತವರಿನವರಿಗೆ ಕಡಬು, ಕಟ್ಟಿನ ಸಾರು ಬಡಿಸುತ್ತ ಗಂಡನ ಮುಖ ನೋಡಿ, “ಏನ್ರಿ, ನೀವು ಬಾಳ ಬೆವರಾಕ ಹತ್ತೀರಲ್ಲ” ಎಂದಳು. “ಒಲಿ ಝಳ” ಎಂದ ಆತ, ಪಡಸಾಲೆಯಲ್ಲಿ ಕುಳಿತು.

ಮರುದಿನ ನಾಲ್ಕು ಗಂಟೆಗೆ ಗ್ಯಾಲರಿ ಕಿಕ್ಕಿರಿದಿತ್ತು. ಬಹುಮಾನದ ಗೂಡಿಗೆ ಮಾಸ್ತರು ಹಿಂದಿನ ರಾತ್ರಿಯೇ ಕೆಂಪು ಅರಿವೆ ಇಳಿಬಿಟ್ಟಿದ್ದರು. ಅರಿವೆ ವಿರೂಪಾಕ್ಷಪ್ಪನ ಅಂಗಡಿಯದೇ. ಮಡಿವಾಳೆಪ್ಪನವರು ಮುಂದಿನ ಸಾಲಿನಲ್ಲಿ ಕನ್ನಡಕ ಒರೆಸಿಟ್ಟುಕೊಂಡು ಕುಳಿತಿದ್ದರು. ಅನ್ನಪೂರ್ಣಾ ಓಣಿಯ ಮಕ್ಕಳೊಡನೆ ಬರುತ್ತಾಳೆಂದು ಶೈಲಜಾ ಹೇಳಿದ್ದಳು. ಮುಗ್ಧತೆಯ ಮೇಲೆ ಮಾಸ್ತರ ಭಾಷಣ ಮುಗಿಯಿತು. ಸವದತ್ತಿಯ ಸಾಹೇಬರು ಎದ್ದು ಅರಿವೆ ಸರಿಸಿದರು. ಚಪ್ಪಾಳೆ ಶುರುವಾದದ್ದು ಹಾಗೆಯೇ ನಿಂತಿತು.

ಗೂಡಿನಲ್ಲಿ ಕುಸುಬಿ ಕಣ್ಣಿನ ಎತ್ತೊಂದೇ ಇತ್ತು. ಪಕ್ಕದಲ್ಲಿ ಚೀಟಿ ಇತ್ತು, ಬಹುಮಾನದ ಎತ್ತು ಇರಲಿಲ್ಲ.

“ಕಳುವಾತು!” ಎಂದು ಮಾಸ್ತರು ಕುರ್ಚಿಗೆ ಕುಸಿದರು.

ಬಂದೋಬಸ್ತಿಗೆ ಬಂದಿದ್ದ ಹವಾಲ್ದಾರನಿಗೆ ಬಹಳ ದಿನದಿಂದ ಕೆಲಸವಿರಲಿಲ್ಲ. ಆತ ಬಾಗಿಲ ಅಗಳಿ ಹಾಕಿ, “ಯಾರೂ ಅಳ್ಳಾಡಬ್ಯಾಡ್ರಿ! ಮಾಲಿನ ವರ್ಣನಾ ಹೇಳ್ರಿ. ಬಣ್ಣ?” ಎಂದ.

“ಕರೀದು” ಎಂದರು ಮಾಸ್ತರು.

“ಕಾಲ ಎಷ್ಟ?”

“ನಾಕ. ಅಂದ್ರ... ಲೆಕ್ಕಾ ಹಿಡದ್ರ ಎರಡೂವರಿ.”

“ಮಾರಿ ಯಾ ಕಡೆ?”

“ಹಿಂದ.”

ಹವಾಲ್ದಾರ ಪೆನ್ನು ಕೆಳಗಿಟ್ಟ. “ಅಮಾಸಿ ದಿವಸ ಪೂಜಿ ಇಲ್ಲದ ಎತ್ತನ್ನ ಪೆಟಗ್ಯಾಗ ಮುಚ್ಚಿಟ್ರ ಎದ್ದ ಹೋಗದ ಏನ ಮಾಡೀತು?” ಎಂದು ಅಜ್ಜಿ ಗುರವ್ವ ಹಿಂದಿನಿಂದ ತೀರ್ಪು ಕೊಟ್ಟಳು. ಗ್ಯಾಲರಿಯ ಕಸ ಹೊಡೆಯುವ ಲಗಮವ್ವ ಏನೋ ಹೇಳಲು ಎದ್ದಳು; ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಆಗ ಬಾಗಿಲು ಬಡಿದ ಸದ್ದಾಯಿತು.

ಹವಾಲ್ದಾರ ಅಗಳಿ ತೆಗೆದ. ಹೊರಗೆ ಓಣಿಯ ಮಕ್ಕಳ ದಂಡು ನಿಂತಿತ್ತು. ಮುಂದೆ ಅನ್ನಪೂರ್ಣಾ, ಆಕೆಯ ಕೈಯಲ್ಲಿ ಒಂದು ಮಣೆ, ಮಣೆಯ ಮೇಲೆ ಅರಿಷಿಣ ಕುಂಕುಮ ಬಳಿಸಿಕೊಂಡು, ಚೆಂಡುಹೂವಿನ ಕೆಳಗೆ ಅರ್ಧ ಮುಚ್ಚಿಹೋಗಿ, ತನ್ನ ಬಾಲವನ್ನು ನೋಡುತ್ತ, ಬಹುಮಾನದ ಎತ್ತು.

“ಕುಂಟೆತ್ತ ಬಂದೈತ್ರಿ, ಜ್ವಾಳಾ ನೀಡ್ರೀ!” ಎಂದು ಮಕ್ಕಳೆಲ್ಲ ಒಂದೇ ಸಲ ಕೂಗಿದರು.

ಅಮಾವಾಸ್ಯೆಯ ಮರುದಿನ ಮಕ್ಕಳು ಮಣ್ಣೆತ್ತೊಂದರ ಕಾಲು ಮುರಿದು, ಅದನ್ನು ಮನೆಮನೆಗೆ ಒಯ್ದು ಜೋಳ ಬೇಡಿ, ನುಚ್ಚು ಮಾಡಿಸಿ ಉಂಡು, ಕುಂಟೆತ್ತನ್ನು ನೀರಿಗೆ ಬಿಡುವುದು ಈ ಸೀಮೆಯ ರೂಢಿ. ಬೈಲಹೊಂಗಲದ ಬಾಗಿಲುಗಳಲ್ಲಿ ಗ್ಯಾಲರಿಯದೂ ಒಂದು ಬಾಗಿಲೇ.

“ನಾನೂ ಅದನ್ನ ಹೇಳಾಕ ಹತ್ತಿದ್ದೆ” ಎಂದಳು ಲಗಮವ್ವ. “ಮುಂಜಾನಿ ಕೂಸ ಬಂದು ಅದು ನಂದು, ಅದರಾಗ ನನ್ನ ಹೆಸರ ಐತಿ ಅಂತು. ನೋಡಿದ್ರ ಚೀಟಿ ಐತಿ. ಯಾರದವರಿಗೆ ಕೊಟ್ಟೆ.”

“ಯವ್ವಾ, ಬಹುಮಾನದ್ದನ್ನ ಯಾಕ ಒಯ್ದೆವ್ವಾ?” ಮಾಸ್ತರು ಅಳುವ ದನಿಯಲ್ಲಿ ಕೇಳಿದರು. “ಊರಾಗ ಬ್ಯಾರೆ ಎತ್ತ ಇರಲಿಲ್ಲ?”

“ಬ್ಯಾರೆವಕ್ಕಾದ್ರ ಕಾಲ ಮುರೀಬೇಕಲ್ರಿ, ಪಾಪ” ಎಂದಳು ಅನ್ನಪೂರ್ಣಾ. “ಅಪ್ಪಾ ಮಾಡಿದ್ದಕ್ಕ ಮುರಿಯೂದ ಬ್ಯಾಡ.”

ಎಲ್ಲರ ಮುಖ ಮೆಲ್ಲಗೆ ವಿರೂಪಾಕ್ಷಪ್ಪನ ಕಡೆ ತಿರುಗಿದವು. ಮಾಸ್ತರು ಕಷ್ಟಪಟ್ಟು ನಕ್ಕು, “ಏನ ಮುಗ್ಧ ಕೂಸ್ರೀ...” ಎಂದು ಶುರುಮಾಡುವಷ್ಟರಲ್ಲಿ ಮಡಿವಾಳೆಪ್ಪನವರು ಎದ್ದರು.

ಅವರು ಕನ್ನಡಕ ಏರಿಸಿ, ಮೊಮ್ಮಗಳ ಮಣೆಯ ಮೇಲಿಂದ ಎತ್ತನ್ನು ತೆಗೆದು, ಹೂ ಸರಿಸಿ, ಬೆಳಕಿಗೆ ಹಿಡಿದರು. ದೂರ ಹಿಡಿದರು. ಹನ್ನೆರಡು ವರ್ಷದ ಹಿಂದೆ ಹಿಡಿದಂತೆಯೇ.

“ಮಾಸ್ತರ, ಇದು ಕೂಸಿಂದಲ್ರಿ.”

“ಹ್ಯಾಂಗ ಹೇಳ್ತೀರಿ?”

“ಇದ ಕೈಯಿನ ಕೋಳಿ ನಮ್ಮ ಪಡಸಾಲ್ಯಾಗ ಐತ್ರಿ. ಹನ್ನೆರಡ ವರ್ಷ ಆತು, ದಿನಾ ಮುಂಜಾನೆದ್ದು ನೋಡ್ತೇನಿ. ಆ ಕೋಳಿ ಕಾಲ ನೋಡ್ರಿ, ಈ ಎತ್ತಿನ ಕಾಲ ನೋಡ್ರಿ. ಸಾವಿರ ಮಂದ್ಯಾಗ ಇಟ್ರೂ ನಮ್ಮ ಅಳಿಯಾರ ಕೈ ನನಗ ಗುರತ ಹತ್ತತೈತಿ.”

ವಿರೂಪಾಕ್ಷಪ್ಪ ಜೀವಮಾನವೆಲ್ಲ ಕಾದ ಮಾತು ಅದು. ನಾಲ್ಕು ಮಂದಿ ದೊಡ್ಡವರ ಮುಂದೆ, ಸಾಹೇಬರ ಮುಂದೆ, ಮಾವ ತನ್ನ ಕೈಯನ್ನು ಗುರುತಿಸಿದ್ದರು. ಆತ ಎದ್ದು ನಿಂತ. ಏನಾದರೂ ಹೇಳಲೇಬೇಕಾಗಿತ್ತು.

“ಅದು ನವಿಲ್ರೀ ಮಾವಾರ” ಎಂದ.

ಮೊದಲು ನಕ್ಕವಳು ಶೈಲಜಾ. ಆಮೇಲೆ ಗೋಡೌನಿನ ತಗಡು ಹಾರುವಂತೆ ಊರೇ ನಕ್ಕಿತು. ಹವಾಲ್ದಾರ ಟೋಪಿ ತೆಗೆದು ನಕ್ಕ. ನಗದೆ ಇದ್ದದ್ದು ಅನ್ನಪೂರ್ಣಾ ಒಬ್ಬಳೇ; ಆಕೆ ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ವಿರೂಪಾಕ್ಷಪ್ಪನಿಗೆ ನಾಚಿಕೆಯಾಯಿತು. ಮಂದಿ ನಕ್ಕದ್ದಕ್ಕಲ್ಲ, ಆ ಪೆಪ್ಪರಮಿಂಟಿಗೆ. ಆತ ಗೂಡಿನಿಂದ ಕುಸುಬಿ ಕಣ್ಣಿನ ಎತ್ತನ್ನು ತೆಗೆದು ಮಗಳ ಅಂಗೈಯಲ್ಲಿಟ್ಟ.

“ಇದು ನಿಂದವ್ವಾ. ಮೊದಲಿಂದಲೂ ನಿಂದ. ಅದು ನಂದು.”

“ನನಗ ಗೊತ್ತೈತಿ” ಎಂದಳು ಅನ್ನಪೂರ್ಣಾ. ಆಮೇಲೆ ಅಪ್ಪನಿಗೆ ಸಮಾಧಾನ ಹೇಳುವಂತೆ, “ನಿಂದಕ್ಕ ಎಲ್ಲಾ ಮನ್ಯಾಗೂ ಬಾಳ ಜ್ವಾಳಾ ನೀಡ್ಯಾರ, ಅಪ್ಪಾ” ಎಂದಳು. ಅದು ಸುಳ್ಳಲ್ಲ. ಅಷ್ಟು ಕುಂಟ ಎತ್ತನ್ನು ಆ ಊರು ನೋಡಿರಲಿಲ್ಲ. ಒಂದೊಂದು ಮನೆಯಲ್ಲೂ ಕರುಣೆ ಉಕ್ಕಿ ಹೆಂಗಸರು ಮೊರಗಟ್ಟಲೆ ಸುರಿದಿದ್ದರು.

ಆರು ವರ್ಷದೊಳಗಿನವರ ಬಹುಮಾನವನ್ನು ನಲವತ್ತು ದಾಟಿದವನಿಗೆ ಹೇಗೆ ಕೊಡುವುದೆಂದು ಸಾಹೇಬರು ಮಾಸ್ತರ ಮುಖ ನೋಡಿದರು. ಮಾಸ್ತರು ಗೋಡೆ ನೋಡಿದರು. ಮಕ್ಕಳು ಇನ್ನೂ ಬಾಗಿಲಲ್ಲೇ ಕಾಯುತ್ತಿದ್ದರು. ಬೇಡಿದ ಮನೆಯಿಂದ ಬರಿಗೈಲೆ ಹೋಗುವ ರೂಢಿಯಿಲ್ಲ. “ನಾವೂ ಸಣ್ಣವರಿದ್ದಾಗ ಬೇಡಿದ್ವಿ” ಎಂದು ಸಾಹೇಬರು ಬಹುಮಾನಕ್ಕೆ ತಂದ ಬಣ್ಣದ ಪೆಟ್ಟಿಗೆಯನ್ನೇ ಮಣೆಯ ಮೇಲಿಟ್ಟರು. ಮಡಿವಾಳೆಪ್ಪನವರು ಪಕ್ಕದ ಕಿರಾಣಿ ಅಂಗಡಿಯಿಂದ ಚೀಲ ಜೋಳ ತರಿಸಿದರು. “ಎತ್ತನ್ನ ಇಲ್ಲೇ ಬಿಡ್ರವ್ವಾ, ಅಪರೂಪದ ಕೃತಿ ಐತಿ” ಎಂದು ಮಾಸ್ತರು ಕೈಮುಗಿದು ಕೇಳಿಕೊಂಡರೂ ಮಕ್ಕಳು ಒಪ್ಪಲಿಲ್ಲ. ಹೊತ್ತು ಮುಳುಗುವ ಮುಂಚೆ ಮಾಸ್ತರು, ಸಾಹೇಬರು, ಹವಾಲ್ದಾರ, ಬೀಗರು ಎಲ್ಲರೂ ಮಕ್ಕಳ ಹಿಂದೆ ಬಾವಿಗೆ ಹೋದರು. ವಿರೂಪಾಕ್ಷಪ್ಪನ ಎತ್ತು ಕೊನೆಯ ಸಲ ತನ್ನ ಬಾಲ ನೋಡಿಕೊಂಡು ನೀರಿಗಿಳಿಯಿತು. ಕಟ್ಟೆಯ ಮೇಲೆ ಕುಳಿತು ಬಿಸಿ ಬಿಸಿ ನುಚ್ಚು, ಮಜ್ಜಿಗೆ ಉಂಡದ್ದನ್ನು ಆ ಓಣಿಯವರು ಇಂದಿಗೂ ನೆನೆಸುತ್ತಾರೆ. ಅಂಥ ನುಚ್ಚು ಆಮೇಲೆ ಯಾರ ಮನೆಯಲ್ಲೂ ಆಗಲಿಲ್ಲ.

ಗ್ಯಾಲರಿ ಇನ್ನೂ ಕೆಲವು ವರ್ಷ ನಡೆಯಿತು. ಮಾಸ್ತರು ಚಹಾ ಹೇಳಲು ಹೊರಗೆ ಹೋಗುವುದನ್ನು ಮಾತ್ರ ಬಿಟ್ಟರು. ಅವರು ತೀರಿಹೋದ ಮೇಲೆ ಗೋಡೌನಿನಲ್ಲಿ ಗೊಬ್ಬರದ ಚೀಲ ಬಂದವು, ಅದರ ಹಿಂದೆ ಮೊಬೈಲಿನ ಅಂಗಡಿ ಬಂತು. ಸುಣ್ಣದ ಗೋಡೆಯ ಕೆಳಗಡೆ, ಮಕ್ಕಳ ಎತ್ತರದಲ್ಲಿ, ಎರೆಮಣ್ಣಿನ ಸಣ್ಣ ಸಣ್ಣ ಅಂಗೈ ಗುರುತು ಬಹಳ ದಿನ ಇದ್ದವು. ಆ ದಾರಿಯಲ್ಲಿ ಹೋಗುವಾಗ ವಿರೂಪಾಕ್ಷಪ್ಪ ಒಳಗೆ ಇಣುಕಿ ಅವನ್ನು ನೋಡುತ್ತಿದ್ದ. ಗಲ್ಲಾದ ಮೇಲಿನ ಸರ್ಟಿಫಿಕೇಟನ್ನು ಆತನೇ ಇಳಿಸಿದ; ವ್ಯಾಪಾರ ತುಸು ಸುಧಾರಿಸಿತು.

ಕುಸುಬಿ ಕಣ್ಣಿನ ಎತ್ತನ್ನು ಅಂದೇ ಮಡಿವಾಳೆಪ್ಪನವರು ಮೊಮ್ಮಗಳನ್ನು ಕೇಳಿ ರಾಮದುರ್ಗಕ್ಕೆ ಒಯ್ದಿದ್ದರು. ಪಡಸಾಲೆಯ ಗೋಡೆಯೊಳಗಿನ ಮಾಡಿನಲ್ಲಿ, ಆ ಚಿತ್ರದ ಕೆಳಗೇ ಇಟ್ಟಿದ್ದರು. ಬಂದವರಿಗೆ ಎರಡನ್ನೂ ತೋರಿಸಿ, “ಎತ್ತ ನಮ್ಮ ಮೊಮ್ಮಗಳದು. ಕೋಳಿ ನಮ್ಮ ಅಳಿಯಾರದು” ಎನ್ನುತ್ತಿದ್ದರು. ವಿರೂಪಾಕ್ಷಪ್ಪ ಪ್ರತಿ ಸಲ, “ನವಿಲ್ರಿ” ಎನ್ನುತ್ತಿದ್ದ. ಆ ಮಾತಿಲ್ಲದೆ ಇಬ್ಬರಿಗೂ ಚಹಾ ಇಳಿಯುತ್ತಿರಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಮಡಿವಾಳೆಪ್ಪನವರು ತೀರಿಕೊಂಡರು. ಮಾತಾಡಿಸಲು ಬಂದ ಬೀಗರೊಬ್ಬರು ಪಡಸಾಲೆಯಲ್ಲಿ ಕುಳಿತು, ಏನಾದರೂ ಕೇಳಬೇಕಲ್ಲ ಎಂದು ಗೋಡೆಯ ಕಡೆ ನೋಡಿ, “ಇವು ಯಾರು ಮಾಡಿದ್ದು?” ಎಂದು ಕೇಳಿದರು. ಹೇಳುವವರ ಕುರ್ಚಿ ಖಾಲಿಯಿತ್ತು. ವಿರೂಪಾಕ್ಷಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದ.

“ಎತ್ತ ನಮ್ಮ ಮಗಳದ್ರಿ” ಎಂದ. “ಕೋಳಿ ನಂದ್ರಿ.”